ಒಂದು ಸಾಲಿಗೆ ಮೂರು ಬಾಲ

ತಿಬೇರಿಯುವಿನ ಮನೆಗೆ ಹೋಗುವ ಕೇಬಲ್ಲನ್ನು ನಾನು ಇಕ್ಕಳದ ಒಂದೇ ಏಟಿಗೆ ತುಂಡು ಮಾಡಬಹುದಿತ್ತು. ಅದನ್ನು ಎಳೆದವಳೇ ನಾನು. ಹಿಪೊಡ್ರೋಮ್ ಬಡಾವಣೆಯ ಒಂಬತ್ತು ಕಟ್ಟಡಗಳ ನಡುವೆ, ಛಾವಣಿಯಿಂದ ಛಾವಣಿಗೆ, ತಂತಿ ದಾಟಿಸಿದ್ದು ಈ ಎರಡು ಕೈ. ನೆಲಮಹಡಿಯ ಎವ್ದೋಕಿಯಾ ಅಜ್ಜಿ ತೀರಿಹೋದ ತನ್ನ ಗಂಡನ ಗಾಳದ ಕೋಲನ್ನು ಕೊಟ್ಟಿದ್ದಳು. ಸೀಸದ ಗುಂಡು ಕಟ್ಟಿ ಬೀಸಿ ಎಸೆದರೆ ನೂಲು ರಸ್ತೆ ದಾಟಿ ಎದುರಿನ ಛಾವಣಿಗೆ ಬೀಳುತ್ತಿತ್ತು. ನೂಲಿನ ಬೆನ್ನಿಗೆ ಹಗ್ಗ, ಹಗ್ಗದ ಬೆನ್ನಿಗೆ ಕೇಬಲ್. ಡ್ಯಾನ್ಯೂಬಿನ ಮೀನು ಹಿಡಿಯುವ ಕೋಲಿನಲ್ಲಿ ನಮ್ಮ ಡೊಮ್ನಿಕಾ ಬ್ರಯಿಲಾ ಊರಿನ ಅರ್ಧಕ್ಕೆ ಇಂಟರ್ನೆಟ್ ಹಿಡಿದುಕೊಟ್ಟಳು ಅಂತ ಅಜ್ಜಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಅರ್ಧ ಊರು ಅನ್ನುವುದು ಸುಳ್ಳು. ಒಂಬತ್ತು ಕಟ್ಟಡ ಅನ್ನುವುದು ನಿಜ.

"ಕತ್ತರಿಸಿ ಬಿಸಾಕು ಕಣಮ್ಮಾ," ಅಂದಳು ಅಜ್ಜಿ, ಆ ಮೇ ತಿಂಗಳ ಭಾನುವಾರದ ಮರುದಿನ. "ಇಕ್ಕಳ ನಂಗೆ ಕೊಡು, ನಿನ್ನ ಕೈಲಾಗದಿದ್ರೆ."

"ಅದೇ ಕೇಬಲ್ಲಲ್ಲಿ ಇನ್ನೂ ಹನ್ನೊಂದು ಮನೆ ಇದೆ ಅಜ್ಜಿ."

"ಇರ್ಲಿ. ಆ ಹನ್ನೊಂದು ಮನೆಯೋರೂ ನಕ್ಕಿದ್ರು ತಾನೆ?"

ನಕ್ಕಿದ್ದರು. ಆದರೂ ಬೇಡ ಅಂದೆ. ಕೇಬಲ್ ಕತ್ತರಿಸಿದರೆ ಅವನು ಮಾರನೇ ದಿನ ಎರಡು ತುದಿ ಗಂಟು ಹಾಕಿಕೊಂಡು ಮತ್ತೆ ಒಳಗೆ ಕೂತಿರುತ್ತಾನೆ, ಜೊತೆಗೆ ಊರವರ ಅಯ್ಯೋ ಪಾಪ ಬೇರೆ. ನನಗೆ ಬೇಕಾಗಿದ್ದು ಅದಲ್ಲ. ಕೋಣೆಯ ಕಾನೂನಿನ ಪ್ರಕಾರವೇ ಅವನನ್ನು ಕೋಣೆಯಿಂದ ಹೊರಗೆ ಹಾಕಬೇಕು. ಅವನು ಬಾಗಿಲಲ್ಲಿ ನಿಂತು ನನ್ನನ್ನು ಬೇಡಬೇಕು. ನಾನು ಇಲ್ಲ ಅನ್ನಬೇಕು.

ಕೋಣೆ ಅಂದರೆ ಇಟ್ಟಿಗೆಯದ್ದಲ್ಲ. ಊರಿನ ಹೆಸರನ್ನೇ ಇಟ್ಟುಕೊಂಡ ಚಾಟ್ ಕೋಣೆ. ಅದರೊಳಗೆ ದಿನಕ್ಕೆ ಇನ್ನೂರು ಜನ ಕೂತು ಹರಟುತ್ತಿದ್ದರು. ತೊಂಬತ್ತೇಳನೇ ಇಸವಿಯಲ್ಲಿ ಅದಕ್ಕೆ ಮೊದಲು ಕಾಲಿಟ್ಟವಳು ನಾನು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುವ ಕೆಲಸ ನನ್ನದು. ಯಾವ ಕಾಲೇಜಿಗೂ ಹೋದವಳಲ್ಲ. ಕೆಟ್ಟು ಕೂತ ಒಂದು ಕಂಪ್ಯೂಟರನ್ನು ಬಿಚ್ಚಿ, ಮತ್ತೆ ಸೇರಿಸಿ, ಉಳಿದ ಎರಡು ಸ್ಕ್ರೂ ಎಲ್ಲಿಯವೆಂದು ಇವತ್ತಿಗೂ ಗೊತ್ತಾಗದೆ, ಕಲಿತವಳು. ಖಾಲಿ ಕೋಣೆಗೆ ಮೊದಲು ಹೊಕ್ಕವರ ಹೆಸರಿನ ಮುಂದೆ ಒಂದು ಗುರುತು ಬರುತ್ತದೆ. ಇ-ಮೇಲ್ ವಿಳಾಸದ ನಡುವೆ ಸುರುಳಿ ಸುತ್ತಿಕೊಂಡಿರುತ್ತದಲ್ಲ, ಅದೇ. ನಮ್ಮ ಕಡೆ ಅದಕ್ಕೆ ಕೋತಿಬಾಲ ಅನ್ನುತ್ತೇವೆ. ಬಾಲ ಇದ್ದವರು ಯಜಮಾನರು: ಯಾರನ್ನಾದರೂ ಹೊರದಬ್ಬಬಹುದು, ಮತ್ತೆ ಬಾರದ ಹಾಗೆ ಬಹಿಷ್ಕಾರ ಹಾಕಬಹುದು, ಬೇಕಾದವರಿಗೆ ಬಾಲ ಹಚ್ಚಬಹುದು, ಬೇಡವಾದವರ ಬಾಲ ಕತ್ತರಿಸಬಹುದು.

ತಿಬೇರಿಯುವಿಗೆ ಬಾಲ ಹಚ್ಚಿದವಳು ನಾನೇ. ಬಂದರು ಕಚೇರಿಯ ಗುಮಾಸ್ತ, ನನ್ನದೇ ವಯಸ್ಸು, ಮಾತುಗಾರ, ನಗಿಸುವವನು. ನಾಲ್ಕು ವರ್ಷ ಅವನೂ ನಾನೂ ಸೇರಿ ಕೋಣೆ ನಡೆಸಿದೆವು.

ಎರಡನೇ ಬಾಲ ಕೊಟ್ಟದ್ದು ಪರಾಸ್ಕಿವಣ್ಣನಿಗೆ. ಟ್ರಾಮ್ ಓಡಿಸುವವನು, ಐವತ್ತು ದಾಟಿದವನು. ಬಾಯಿಬಿಟ್ಟರೆ ಉಗ್ಗು. ಒಂದು 'ನಮಸ್ಕಾರ' ಹೊರಬರುವಷ್ಟರಲ್ಲಿ ಎದುರಿಗಿರುವವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಆದರೆ ಕೀಬೋರ್ಡಿನ ಮುಂದೆ ಕೂತರೆ, ಅಬ್ಬಾ, ಅವನಷ್ಟು ಚುರುಕು ನಾಲಗೆ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ಜನ ಅವನ ಮಾತು ಕೇಳಲೆಂದೇ ಸಂಜೆ ಬರುತ್ತಿದ್ದರು. ಅವನಿಗೆ ಆ ಕೋಣೆ ಏನಾಗಿತ್ತು ಅಂತ ನಾನು ಹೇಳಬೇಕಾಗಿಲ್ಲ.

ಈಗ ಲೆಯೋನ್ ವಿಷಯ. ಹೇಳದಿದ್ದರೆ ನಿಮಗೆ ನನ್ನ ಎದೆಯ ಕಿಚ್ಚು ಅರ್ಥವಾಗುವುದಿಲ್ಲ.

ಎರಡು ಸಾವಿರದ ಇಸವಿಯ ಸೆಪ್ಟೆಂಬರಿನಲ್ಲಿ ಲೆಯೋನ್ ಅನ್ನುವವನೊಬ್ಬ ಕೋಣೆಗೆ ಬಂದ. ಸರಕು ಹಡಗಿನ ಎಲೆಕ್ಟ್ರಿಷಿಯನ್, ನಮ್ಮೂರವನೇ, ಈಗ ರಾಟರ್‌ಡ್ಯಾಮ್ ಕಡೆ ಇದ್ದೇನೆ ಅಂದ. ತಂತಿಯ ಮಾತಿನಿಂದ ಶುರುವಾಯಿತು. ಆಮೇಲೆ ಬೇರೆ ಮಾತು. ನನಗೆ ಮೂವತ್ತೆರಡು. ಗಂಡ ಬಿಟ್ಟುಹೋಗಿ ನಾಲ್ಕು ವರ್ಷ. ಎಂಟು ತಿಂಗಳು ನಾನು ಆ ಮನುಷ್ಯನಿಗೆ ಬರೆದೆ. ಛಾವಣಿಯ ಮೇಲೆ ಕೇಬಲ್ ಎಳೆಯುವಾಗ ನದಿಯ ಕಡೆ ನೋಡುತ್ತೇನೆ ಅಂತ ಬರೆದೆ. ನೀನು ಬರುವ ದಿನಕ್ಕೆ ನೀಲಿ ಕೋಟು ಕೊಂಡಿದ್ದೇನೆ ಅಂತ ಬರೆದೆ. ಬರೆಯಬಾರದ್ದನ್ನೂ ಬರೆದೆ. ಏಪ್ರಿಲ್ ಹತ್ತೊಂಬತ್ತಕ್ಕೆ ಹಡಗು ಬ್ರಯಿಲಾಕ್ಕೆ ಬರುತ್ತದೆ ಅಂದ. ಆ ದಿನ ನೀಲಿ ಕೋಟು ಹಾಕಿಕೊಂಡು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಂದರಿನಲ್ಲಿ ನಿಂತೆ. ಹಡಗು ಬರಲಿಲ್ಲ.

ಮೇ ತಿಂಗಳಲ್ಲಿ ಕೋಣೆಯವರೆಲ್ಲ ಮುಖಾಮುಖಿ ಸೇರುವ ವಾಡಿಕೆ. ಉಪ್ಪುಕೆರೆಯ ದಂಡೆಯಲ್ಲಿ ಕೆಂಡ ಮಾಡಿ, ಮಿಚಿ ಅನ್ನುವ ಕೊಚ್ಚಿದ ಮಾಂಸದ ಉಂಡೆ ಸುಟ್ಟು, ಸಾಸಿವೆ ಹಚ್ಚಿ ತಿಂದು, ಬಿಯರ್ ಕುಡಿದು ಬರುವುದು. ಆ ವರ್ಷ ನಲವತ್ತು ಜನ ಬಂದಿದ್ದರು. ಎರಡನೇ ಸುತ್ತಿನ ಬಿಯರ್ ಆದಮೇಲೆ ತಿಬೇರಿಯು ಬೆಂಚಿನ ಮೇಲೆ ಹತ್ತಿ ನಿಂತ. ಕೈಯಲ್ಲಿ ಹಾಳೆಗಳ ಕಟ್ಟು.

"ಸ್ವಾಮಿ, ಸಜ್ಜನರೇ! ನಮ್ಮ ಡೊಮ್ನಿಕಾ ಅವರ ಪ್ರೇಮಕಾವ್ಯ! ಮೊದಲನೇ ಅಧ್ಯಾಯ!"

ಹೆಣ್ಣುಧ್ವನಿ ಮಾಡಿಕೊಂಡು ಓದಿದ. ನೀಲಿ ಕೋಟಿನ ಸಾಲು ಬಂದಾಗ ಅವನೇ ನಗು ತಡೆಯಲಾರದೆ ಬೆಂಚಿನಿಂದ ಇಳಿದ. ಲೆಯೋನ್ ಅನ್ನುವವನು ಇರಲೇ ಇಲ್ಲ. ಲೆಯೋನ್ ಅಂದರೆ ತಿಬೇರಿಯು, ಅವನ ಕಚೇರಿಯ ಕಂಪ್ಯೂಟರು, ಸುತ್ತ ಕೂತು ಸಲಹೆ ಕೊಡುತ್ತಿದ್ದ ಅವನ ಐದು ಜನ ಗೆಳೆಯರು. ನಾನು ಬಂದರಿನಲ್ಲಿ ನಿಂತಿದ್ದಾಗ ಅವನು ಕಿಟಕಿಯಿಂದ ನೋಡುತ್ತಿದ್ದನಂತೆ. ಅದನ್ನೂ ಅವನೇ ಹೇಳಿದ. ನಲವತ್ತು ಜನ ನಕ್ಕರು. ಪರಾಸ್ಕಿವಣ್ಣ ಮಾತ್ರ ನಗಲಿಲ್ಲ. ಏನೋ ಹೇಳಲು ಹೋದ, ಮೊದಲನೇ ಅಕ್ಷರದಲ್ಲೇ ಸಿಕ್ಕಿಕೊಂಡ, ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆಗೆ ಬಂದು ಕೋಣೆಗೆ ಹೋದೆ. ನನ್ನ ಬಾಲ ಇರಲಿಲ್ಲ. "ಅಳುಬುರುಕರಿಗೆ ಇಲ್ಲಿ ಜಾಗವಿಲ್ಲ," ಅಂತ ತಿಬೇರಿಯು ಬರೆದ, ನನ್ನನ್ನು ಹೊರದಬ್ಬಿದ, ಬಹಿಷ್ಕಾರ ಹಾಕಿದ. ನಾನು ಕಟ್ಟಿದ ಕೋಣೆ.

ಬಹಿಷ್ಕಾರ ಹಾಕುವುದರಲ್ಲಿ ಅವನಿಗೊಂದು ಪೇಚಿತ್ತು. ನಮ್ಮ ಒಂಬತ್ತು ಕಟ್ಟಡಗಳೂ ಇಂಟರ್ನೆಟ್ಟಿಗೆ ಹೋಗುವುದು ಒಂದೇ ಬಾಗಿಲಿಂದ. ಹೊರಗಿನವರಿಗೆ ನಾವೆಲ್ಲ ಒಂದೇ ವಿಳಾಸ. ವಿಳಾಸಕ್ಕೆ ಬಹಿಷ್ಕಾರ ಹಾಕಿದರೆ ಅವನೂ ಹೊರಗೆ. ಹಾಗಾಗಿ ನನ್ನ ಹೆಸರಿಗಷ್ಟೇ ಹಾಕಿದ್ದ. ಹೆಸರಿಗೇನು ಬರ? ಒಂದು ಮೀನಿನ ಹೆಸರಿಟ್ಟುಕೊಂಡು ಮಾರನೇ ದಿನವೇ ಒಳಗೆ ಹೋಗಿ ಮೂಲೆಯಲ್ಲಿ ಕೂತೆ. ಬಾಯಿ ಬಿಡಲಿಲ್ಲ. ಇನ್ನೂರು ಜನರಲ್ಲಿ ಮಾತಾಡದ ಮೀನನ್ನು ಯಾರು ಕೇಳುತ್ತಾರೆ?

ಮೊದಲ ಪ್ರಯತ್ನ ಜುಲೈನಲ್ಲಿ. ಕೋಣೆ ಒಂದೇ ಆದರೂ ಅದು ಹರಡಿಕೊಂಡಿರುವುದು ಎರಡು ಸರ್ವರುಗಳ ಮೇಲೆ, ಒಂದು ಗಲಾತ್ಸ್ ಊರಿನದು, ಇನ್ನೊಂದು ಬುಕಾರೆಸ್ಟಿನದು. ನಮ್ಮವರೆಲ್ಲ ಹತ್ತಿರವೆಂದು ಗಲಾತ್ಸ್ ಮೂಲಕ ಬರುತ್ತಾರೆ. ಎರಡರ ನಡುವಿನ ಕೊಂಡಿ ಆಗಾಗ ಕಡಿದುಹೋಗುತ್ತದೆ. ಆಗ ಒಂದು ಕೋಣೆ ಎರಡಾಗುತ್ತದೆ; ಈ ಕಡೆಯವರಿಗೆ ಆ ಕಡೆಯವರು ಎದ್ದುಹೋದ ಹಾಗೆ ಕಾಣುತ್ತದೆ. ಬುಕಾರೆಸ್ಟ್ ಕಡೆ ಯಾರೂ ಇಲ್ಲದಿದ್ದರೆ ಅಲ್ಲಿ ಕೋಣೆ ಖಾಲಿ, ಮೊದಲು ಹೊಕ್ಕವರಿಗೆ ಬಾಲ. ಕೊಂಡಿ ಮತ್ತೆ ಕೂಡಿದಾಗ ಎರಡೂ ಕಡೆಯ ಬಾಲ ಸಿಂಧು. ಜುಲೈನ ಒಂದು ಮಧ್ಯಾಹ್ನ ಹೀಗಾಯಿತು. ನಾನು ಬುಕಾರೆಸ್ಟ್ ಕಡೆಯಿಂದ ಹೊಕ್ಕೆ, ಬಾಲ ಸಿಕ್ಕಿತು, ಕೊಂಡಿ ಕೂಡಿತು, ಕತ್ತರಿಸಲು ಹೊರಟೆ.

ಆದರೆ ಆಜ್ಞೆಯ ಒಂದು ಸಾಲಿಗೆ ಮೂರೇ ಬಾಲ ಕತ್ತರಿಸಬಹುದು. ಅದು ನಿಯಮ. ಒಳಗಿದ್ದದ್ದು ಒಂಬತ್ತು ಬಾಲ: ತಿಬೇರಿಯು, ಅವನ ಐದು ಗೆಳೆಯರು, ಪರಾಸ್ಕಿವಣ್ಣ, ಮತ್ತೆ ತಿಬೇರಿಯು ಕಚೇರಿಯ ಯಂತ್ರದಲ್ಲಿ ಕೂರಿಸಿದ್ದ ಎರಡು ಬಾಟ್. ಬಾಟ್ ಅಂದರೆ ಮನುಷ್ಯನ ಹಾಗೆ ಹೆಸರಿಟ್ಟುಕೊಂಡು ಕೂತ ಕಾವಲು ಪ್ರೋಗ್ರಾಮು. ಯಜಮಾನನ ಬಾಲ ಯಾರಾದರೂ ಮುಟ್ಟಿದರೆ ಕಣ್ಣು ಮಿಟುಕಿಸುವುದರೊಳಗೆ ವಾಪಸ್ ಹಚ್ಚಿ, ಮುಟ್ಟಿದವರನ್ನು ಒದ್ದು ಹೊರಗೆ ಹಾಕುತ್ತದೆ. ನಾನು ಮೂರು ಕತ್ತರಿಸಿದೆ. ಉಳಿದ ಆರು ನನ್ನನ್ನು ಒದ್ದವು. ಮೀನು ದಡಕ್ಕೆ ಬಿತ್ತು.

"ಎಷ್ಟು ಹೊತ್ತು ಗೆದ್ದಿದ್ದೆ?" ಅಂತ ಎವ್ದೋಕಿಯಾ ಅಜ್ಜಿ ಕೇಳಿದಳು.

"ಒಂದು ಸೆಕೆಂಡು."

"ನನ್ನ ಗಂಡ ಒಂದ್ಸಲ ದೊಡ್ಡ ಬೆಲುಗಾ ಮೀನನ್ನ ಅಷ್ಟೇ ಹೊತ್ತು ಹಿಡಿದಿದ್ದ. ಸಾಯೋತನಕ ಅದ್ನೇ ಹೇಳ್ತಿದ್ದ, ಪೀಡೆ."

ಅದಾದ ಮೇಲೆ ತಿಬೇರಿಯು ಎಚ್ಚೆತ್ತುಕೊಂಡ. ಕೊಂಡಿ ಕಡಿದಾಗಲೆಲ್ಲ ಬುಕಾರೆಸ್ಟ್ ಕಡೆ ಒಬ್ಬ ನಂಬಿಕಸ್ಥ ಬಾಲ ಸಮೇತ ಕೂತಿರಬೇಕು ಅಂತ ವಿಧಿಸಿದ. ಆ ಸರ್ವರಿನವರು ಬಾಟ್‌ಗಳನ್ನು ಒಳಗೆ ಬಿಡುವುದಿಲ್ಲ, ಮನುಷ್ಯನೇ ಬೇಕು. ಆ ಕೆಲಸ ಪರಾಸ್ಕಿವಣ್ಣನ ಪಾಲಿಗೆ ಬಂತು. ಯಾರೂ ಒಪ್ಪದ ಕೆಲಸ ಅವನ ಪಾಲಿಗೇ ಬರುತ್ತಿತ್ತು.

ಹಾಗಾದರೆ ಒಂಬತ್ತನ್ನು ಮೂರು ಮಾಡಬೇಕು. ಹೇಗೆ? ನಾನು ಯಾವ ಸುಳ್ಳನ್ನೂ ಹುಟ್ಟಿಸಲಿಲ್ಲ, ಲೆಯೋನನ ಮೇಲಾಣೆ. ನಮ್ಮ ಕಸುಬಿನವರು ಆಡಿದ ಮಾತನ್ನೆಲ್ಲ ಕೂಡಿಡುತ್ತಾರೆ. ಪ್ರತಿಯೊಂದು ಹರಟೆಯೂ ತಾರೀಕು, ಗಂಟೆ ಸಮೇತ ಕಂಪ್ಯೂಟರಿನಲ್ಲಿ ಬಿದ್ದಿರುತ್ತದೆ. ನಾಲ್ಕು ವರ್ಷ ತಿಬೇರಿಯು ನನ್ನ ಜೊತೆ ಗುಟ್ಟಾಗಿ ಆಡಿದ್ದು ನನ್ನಲ್ಲಿತ್ತು. ಅವನ ಬಾಯಿ ಯಾರನ್ನು ಬಿಟ್ಟಿತ್ತು? ಆ ಐವರು ಗೆಳೆಯರಲ್ಲೇ, ದಂತವೈದ್ಯನ ಹೆಂಡತಿಯ ಬಗ್ಗೆ ಏನಂದಿದ್ದ, ಕ್ರೇನ್ ಓಡಿಸುವವನ ವಾಸನೆಯ ಬಗ್ಗೆ ಏನಂದಿದ್ದ, ಇನ್ನೊಬ್ಬನ ತಾಯಿಯ ಬಗ್ಗೆ ಏನಂದಿದ್ದ, ಎಲ್ಲ ಇತ್ತು. ಬೆಂಚಿನ ಮೇಲೆ ಹಾಳೆ ಓದಿ ತೋರಿಸಿದವನು ಅವನೇ ತಾನೆ? ನಾನೂ ಹಾಳೆ ಅಚ್ಚು ಹಾಕಿದೆ. ಸೆಪ್ಟೆಂಬರ್ ಮೊದಲ ವಾರ, ಗೆಳೆಯರು ಐವರಿಗೂ ಅವರವರ ಪಾಲು ಅವರವರ ಅಂಚೆ ಡಬ್ಬಿಗೆ. ಪರಾಸ್ಕಿವಣ್ಣನ ಪಾಲೂ ಒಂದು ಹಾಳೆ ಇತ್ತು. ಅವನ ಡಬ್ಬಿಯ ಮುಂದೆ ಒಂದು ಗಳಿಗೆ ನಿಂತೆ. ಆಮೇಲೆ ಹಾಕಿದೆ. ಒಂಬತ್ತನೆಯ ಬಾಲವೂ ಹೋಗಬೇಕಿತ್ತಲ್ಲ.

ಮೂಲೆಯ ಮೀನಾಗಿ ಕೂತು ಮಜಾ ನೋಡಿದೆ. ಈಗ ಬೇರೆ ಮೀನು, ಬೇರೆ ಹೆಸರು.

"ನನ್ ಹೆಂಡ್ತಿ ಬಗ್ಗೆ ಏನೋ ಅಂದ್ಯಂತೆ?" ಅಂತ ದಂತವೈದ್ಯ ತುಂಬಿದ ಕೋಣೆಯಲ್ಲೇ ಕೇಳಿದ.

"ಯಾವ ಕಾಲದ್ದೋ ಅದು. ತಮಾಷೆ ಮಾರಾಯ," ಅಂದ ತಿಬೇರಿಯು.

"ನಿನ್ ಹಲ್ಲು ಕೀಳೋದು ನಂಗೂ ತಮಾಷೇನೆ. ಬಾ ನಾಳೆ."

ತಿಬೇರಿಯು ಅವನ ಬಾಲ ಕತ್ತರಿಸಿದ. ಮಾತು ತಡೆದುಕೊಳ್ಳುವ ಜಾತಿಯಲ್ಲ ಅವನು. ಕ್ರೇನಿನವನು ಸುಮ್ಮನಿದ್ದ, ಸುಮ್ಮನಿದ್ದದ್ದಕ್ಕೇ ಅನುಮಾನ ಪಟ್ಟು ಅವನದನ್ನೂ ಕತ್ತರಿಸಿದ. ಅಕ್ಟೋಬರ್ ಕೊನೆಗೆ ಐದೂ ಹೋದವು. ಉಳಿದದ್ದು ತಿಬೇರಿಯು, ಎರಡು ಬಾಟ್, ಮತ್ತೆ ಪರಾಸ್ಕಿವಣ್ಣ. ಅವನು ಹಾಳೆ ಓದಿದ್ದನೋ ಇಲ್ಲವೋ, ಒಂದು ಮಾತೂ ಆಡಿರಲಿಲ್ಲ. ಸಂಜೆ ಬರುತ್ತಿದ್ದ. ಜೋಕು ಮಾತ್ರ ನಿಂತಿತ್ತು.

ನವೆಂಬರಿನ ಒಂದು ಗುರುವಾರ ಗಲಾತ್ಸ್ ಸರ್ವರಿನವರು ಪ್ರಕಟಣೆ ಹಾಕಿದರು: ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ರಿಪೇರಿ, ಬುಕಾರೆಸ್ಟ್ ಕೊಂಡಿ ಹತ್ತು ನಿಮಿಷ ಬಂದ್.

"ಪರಾಸ್ಕಿವ್, ಶನಿವಾರ ಆ ಕಡೆ ಕೂತ್ಕೋ," ಅಂತ ತಿಬೇರಿಯು ಬರೆದ. ದಯವಿಟ್ಟು ಇಲ್ಲ, ಅಣ್ಣ ಇಲ್ಲ.

"ಸರಿ," ಅಂದ ಪರಾಸ್ಕಿವಣ್ಣ.

ಶನಿವಾರ ಅಜ್ಜಿ ಹತ್ತು ಗಂಟೆಗೇ ನನ್ನ ಅಡುಗೆಮನೆಗೆ ಬಂದು ಕೂತಳು, ಒಂದು ಬುಟ್ಟಿ ಮೀನಿನ ಜೊತೆ. ಹುರುಪೆ ಕೆರೆಯುತ್ತಾ ಯುದ್ಧ ನೋಡುತ್ತೇನೆ ಅಂದಳು. ಸ್ವಲ್ಪ ಹೊತ್ತು ಪರದೆ ನೋಡಿದಳು. "ಇಷ್ಟೇನಾ? ಬರೀ ಅಕ್ಷರ? ನಾನು ಏನೋ ಅಂದ್ಕೊಂಡಿದ್ದೆ."

"ಇದ್ರಲ್ಲೇ ಸಾಯ್ತಾರೆ ಅಜ್ಜಿ, ನೋಡ್ತಿರು."

ನಾನು ಬುಕಾರೆಸ್ಟ್ ಕಡೆಯಿಂದ ಒಳಗಿದ್ದೆ. ಮೂರು ಬಾಲ ಕತ್ತರಿಸುವ ಸಾಲು ಬರೆದು ಸಿದ್ಧವಾಗಿಟ್ಟಿದ್ದೆ. ಒಂದು ಕೀಲಿ ಒತ್ತುವುದಷ್ಟೇ ಬಾಕಿ. ಆದರೆ ಕತ್ತರಿಸುವವಳಿಗೇ ಬಾಲ ಇಲ್ಲ. ಪರಾಸ್ಕಿವಣ್ಣ ಅಲ್ಲಿ ಕೂತಿರುವವರೆಗೆ ಕೋಣೆ ಖಾಲಿಯಾಗುವುದಿಲ್ಲ. ಅವನ ಕಾಲು ಹಿಡಿಯಬೇಕು, ಇಲ್ಲ ಅವನ ಕಂಪ್ಯೂಟರು ಕೆಡಬೇಕು. ಎರಡಕ್ಕೂ ತಯಾರಿದ್ದೆ ಅಂತಿಟ್ಟುಕೊಳ್ಳಿ.

ಹನ್ನೊಂದು ದಾಟಿ ಎರಡು ನಿಮಿಷಕ್ಕೆ ಕೊಂಡಿ ಕಡಿಯಿತು. ನೂರ ಎಂಬತ್ತು ಹೆಸರುಗಳು ತೆನೆಯಿಂದ ಕಾಳು ಬಿಡಿಸಿದ ಹಾಗೆ ಉದುರಿಹೋದವು. ಉಳಿದವರು ಇಬ್ಬರು. ಬಾಲ ಇರುವ ಪರಾಸ್ಕಿವ್, ಬಾಲ ಇಲ್ಲದ ಮೀನು.

ನಾನು ಬಾಯಿ ಬಿಡುವ ಮೊದಲೇ ಅವನು ಬರೆದ: "ಡೊಮ್ನಿಕಾ."

ಬೆರಳನ್ನು ಕೀಲಿಯಿಂದ ಹಿಂದಕ್ಕೆ ತೆಗೆದೆ.

"ಬಾಯಿ ಬಿಡಮ್ಮಾ ಮೀನೇ. ಆರು ತಿಂಗಳಾಯ್ತು, ನೀರು ಕುಡಿದು ಕುಡಿದು ಹೊಟ್ಟೆ ಊದಿಲ್ವಾ?"

"ಹೇಗೆ ಗೊತ್ತಾಯ್ತು ಅಣ್ಣ?"

"ಎಕ್ಸ್‌ಚೇಂಜಲ್ಲಿ ನಿಂಗೆ ಬೆಳಗ್ಗೆ ಪಾಳಿ ಇದ್ದ ವಾರ ಈ ಮೀನು ಸಂಜೆ ಈಜುತ್ತೆ. ಸಂಜೆ ಪಾಳಿ ವಾರ ಬೆಳಗ್ಗೆ ಈಜುತ್ತೆ. ನಾನು ಟ್ರಾಮಿನೋನು ತಾಯಿ. ವೇಳಾಪಟ್ಟಿ ಓದೋದೇ ನನ್ನ ಬದುಕು."

"ತಿಬೇರಿಯುಗೆ ಹೇಳ್ಲಿಲ್ಲ ನೀನು."

"ಅವನು ಕೇಳ್ಲಿಲ್ಲ. ಅವನು ಯಾರನ್ನೂ ಏನೂ ಕೇಳಲ್ಲ. ನಿಂಗೆ ಬಾಲ ಬೇಕು ಅಲ್ವಾ?"

"ಬೇಕು."

"ಕೊಡ್ತೀನಿ. ಅದಕ್ಕೆ ಮುಂಚೆ ಒಂದು ಮಾತು. ನನ್ನ ಡಬ್ಬಿಗೆ ಒಂದು ಹಾಳೆ ಹಾಕಿದ್ಯಲ್ಲ. ಅದರ ಕೊನೇ ಸಾಲು ಓದಿ ಹಾಕಿದ್ಯಾ, ಓದದೇ ಹಾಕಿದ್ಯಾ?"

ಆ ಕಡತ ತೆಗೆದೆ. ತೊಂಬತ್ತೆಂಟರ ಫೆಬ್ರವರಿ. ತಿಬೇರಿಯು ಬರೆದಿದ್ದ: ಪರಾಸ್ಕಿವ್ ಒಂದು ನಿಲ್ದಾಣದ ಹೆಸರು ಕೂಗಿ ಮುಗಿಸುವಷ್ಟರಲ್ಲಿ ಟ್ರಾಮು ಮುಂದಿನ ಎರಡು ನಿಲ್ದಾಣ ದಾಟಿರುತ್ತದೆ. ಅಷ್ಟನ್ನೇ ನಾನು ನೆನಪಿಟ್ಟುಕೊಂಡಿದ್ದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು, ನನ್ನ ಹೆಸರಿನಲ್ಲಿ. "ಹಹಹಹ, ನಕ್ಕು ನಕ್ಕು ಸಾಯ್ತೀನಿ. ಇನ್ನೊಂದು ಹೇಳು."

ಇಡೀ ಹಾಳೆಯನ್ನು ಹಾಗೇ ಅಚ್ಚು ಹಾಕಿ ಮಡಚಿ ಡಬ್ಬಿಗೆ ಹಾಕಿದ್ದೆ. ತಿಬೇರಿಯುವಿನ ಮಾತಿನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ ನನ್ನ ಮಾತು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಓದಿರ್ಲಿಲ್ಲ ಅಣ್ಣ," ಅಂತ ಬರೆದೆ.

"ಅಂದ್ಕೊಂಡೆ. ಇನ್ನೊಂದು ಹೇಳು ಅಂದಿದ್ದೀಯ. ಹೇಳಿದ್ನಾ?"

ಗಡಿಯಾರ ನೋಡಿದೆ. ಹನ್ನೊಂದು ಗಂಟೆ ಏಳು ನಿಮಿಷ. ಇಲ್ಲ ಅನ್ನಬಹುದಿತ್ತು. ಉಳಿದ ಹಾಳೆಗಳು ನನ್ನ ಹತ್ತಿರ ಮಾತ್ರ ಇವೆ. ಸುಳ್ಳು ಹೇಳಿ ಬಾಲ ತೆಗೆದುಕೊಳ್ಳಬಹುದಿತ್ತು. ಮೀನಿನಿಂದ ತಲೆಯೆತ್ತಿ ಅಜ್ಜಿ, "ಏನಾಯ್ತೇ? ಮುಖ ಯಾಕೆ ಬಿಳಿಚ್ಕೊಂಡಿದೆ?" ಅಂದಳು.

"ಹೇಳಿದ್ದ," ಅಂತ ಬರೆದೆ.

"ನಕ್ಕೆಯಾ?"

"ನಕ್ಕೆ."

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆ ಕೋಣೆಯಲ್ಲಿ ಅವನು ಪದ ಹುಡುಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಕ್ಷಮಿಸಣ್ಣ," ಅಂತ ಬರೆದೆ.

"ಅದನ್ನ ನಾನು ಕೇಳ್ಲಿಲ್ಲ. ಕಿತ್ತಾಡ್ಕೊಳ್ಳಿ ನೀವಿಬ್ರೂ. ಆದ್ರೆ ಆ ಕೆರೆ ದಂಡೇಲಿ ಅವನು ಓದಿದ್ದು ತಪ್ಪು. ಅವತ್ತು ನನ್ನ ಬಾಯಲ್ಲಿ ಬರ್ಲಿಲ್ಲ. ಇವತ್ತು ಬರೀತಿದೀನಿ. ಒಂದು ಸಾಲಿಗೆ ಮೂರೇ, ನೆನಪಿರ್ಲಿ. ಕೈ ನಡುಗಿಸ್ಬೇಡ."

ಮೀನಿನ ಹೆಸರಿನ ಮುಂದೆ ಬಾಲ ಬಂತು. ಮರುಕ್ಷಣ ಪರಾಸ್ಕಿವಣ್ಣ ಕೋಣೆ ಬಿಟ್ಟು ಹೋದ.

ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಕೊಂಡಿ ಕೂಡಿತು. ಹೆಸರುಗಳು ದಬದಬನೆ ಸುರಿದವು. ಆ ರಾಶಿಯಲ್ಲಿ ತಿಬೇರಿಯು ಕಂಡ, ಬಾಟ್ ಒಂದು, ಬಾಟ್ ಎರಡು. ಕೀಲಿ ಒತ್ತಿದೆ. ಮೂರೂ ಬಾಲ ಒಟ್ಟಿಗೆ ಬಿದ್ದವು. ಬಾಟ್‌ಗಳು ಏನ್ ಮಾಡುತ್ತವೆ, ಬಾಲ ಇಲ್ಲದ ನಾಯಿ, ಕೂತಲ್ಲೇ ಕೂತವು. ಎರಡನೇ ಸಾಲಿಗೆ ಮೂವರನ್ನೂ ಹೊರಗೆ ದಬ್ಬಿದೆ. ನಾನು ನುಸುಳಿದ ಹಾಗೆ ಅವನು ಬೇರೆ ಹೆಸರಲ್ಲಿ ನುಸುಳಬಾರದಲ್ಲ, ಅದಕ್ಕೆ ಮೂರನೇ ಸಾಲಿಗೆ ಕೋಣೆಗೆ ಚಿಲಕ ಹಾಕಿದೆ: ಬಾಲ ಇದ್ದವರು ಹೆಸರು ಹಿಡಿದು ಕರೆದರೆ ಮಾತ್ರ ಇನ್ನು ಪ್ರವೇಶ. ತಿಬೇರಿಯು ಆ ಚಿಲಕ ಯಾವತ್ತೂ ಹಾಕಿರಲಿಲ್ಲ. ಅವನಿಗೆ ಜನ ಬೇಕಿತ್ತು, ದಿನಾ ಹೊಸ ಜನ, ಬೆಂಚಿನ ಕೆಳಗೆ ನಿಲ್ಲುವವರು.

ಆಮೇಲೆ ಬಹಿಷ್ಕಾರ ಅಳಿಸಿ ನನ್ನ ಹಳೇ ಹೆಸರನ್ನು ವಾಪಸ್ ಹಾಕಿಕೊಂಡೆ. ಮೊದಲು ಬರೆದವನು ದಂತವೈದ್ಯ: "ನಮಸ್ಕಾರ ಡೊಮ್ನಿಕಾ ಮೇಡಂ. ತುಂಬಾ ದಿನ ಆಯ್ತು." ಲೆಯೋನನಿಗೆ ಸಲಹೆ ಕೊಟ್ಟವರಲ್ಲಿ ಅವನೂ ಒಬ್ಬ. ಅವನನ್ನೂ ದಬ್ಬಿದೆ. ಉಳಿದ ನಾಲ್ವರನ್ನೂ.

ಕಾಲು ಗಂಟೆಯಲ್ಲಿ ಮನೆಯ ಬಾಗಿಲು ಬಡಿದ ಸದ್ದು. ತಿಬೇರಿಯು ನವೆಂಬರ್ ಚಳಿಯಲ್ಲಿ ಮನೆಚಪ್ಪಲಿಯಲ್ಲೇ ರಸ್ತೆ ದಾಟಿ, ಆರು ಮಹಡಿ ಹತ್ತಿ ಬಂದಿದ್ದ. ಸರಪಣಿ ಬಿಚ್ಚದೆ ಬಾಗಿಲನ್ನು ಒಂದು ಸಂದಿಯಷ್ಟೇ ತೆಗೆದೆ.

"ಬಾಲ ವಾಪಸ್ ಕೊಡು."

"ಕೇಳೋ ಕ್ರಮ ಅದಲ್ಲ."

"ಡೊಮ್ನಿಕಾ, ಮಕ್ಕಳಾಟ ಸಾಕು ಕಣೇ."

ಅಡುಗೆಮನೆಯಿಂದ ಅಜ್ಜಿ ಕೂಗಿದಳು, "ಯಾರಮ್ಮಾ ಅದು? ಹಡಗಿನ ಎಲೆಕ್ಟ್ರಿಷಿಯನ್ನಾ? ಒಳಗೆ ಕರಿ, ನನ್ನ ಇಸ್ತ್ರಿಪೆಟ್ಟಿಗೆ ಕೆಟ್ಟಿದೆ!"

ಅವನ ಮುಖ ಕೆಂಪಾಯಿತು. "ತಮಾಷೆಗೆ ಮಾಡಿದ್ದು. ಎಲ್ರೂ ನಕ್ರು. ನೀನೂ ಒಂದ್ಸಲ ನಕ್ಕಿದ್ರೆ ಅಲ್ಲಿಗೇ ಮುಗೀತಿತ್ತು."

"ಈಗ ನೀನು ನಗು. ಮುಗಿಯುತ್ತೆ."

ನಗಲಿಲ್ಲ. ಗೋಡೆಗೆ ಒರಗಿದ. ಧ್ವನಿ ಇಳಿಯಿತು. "ನಂಗೆ ಬೇರೆ ಏನಿದೆ ಹೇಳು. ಆಫೀಸು ಬಿಟ್ರೆ ಆ ಕೋಣೆ. ಐದು ಜನ ಇದ್ರು, ಅವರನ್ನೂ ಕಿತ್ಕೊಂಡೆ ನೀನು."

"ಒಂದಕ್ಷರ ನಂದಲ್ಲ. ನಿನ್ನ ಮಾತು, ನಿನ್ನ ಹೆಸರು, ನಿನ್ನ ತಾರೀಕು."

"ಸರಿ. ತಪ್ಪಾಯ್ತು." ಸರಪಣಿಯ ಸಂದಿಯಲ್ಲಿ ಅವನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. "ದಯವಿಟ್ಟು ಕಣೇ. ಬಾಲ ಬೇಡ. ಸುಮ್ನೆ ಒಳಗೆ ಬಿಡು. ಮೂಲೇಲಿ ಕೂತಿರ್ತೀನಿ. ಬಾಯಿ ಬಿಡಲ್ಲ."

ಆ ದಯವಿಟ್ಟು ಕೇಳಲು ಆರು ತಿಂಗಳು ಕಾದಿದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ರುಚಿಯಾಗಿತ್ತು. ನಾಲಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡೆ.

"ಏಪ್ರಿಲಲ್ಲಿ ನಾನು ಬಂದರಲ್ಲಿ ನಿಂತಿದ್ನಲ್ಲ, ನೀನು ಕಿಟಕೀಲಿ ನೋಡ್ತಿದ್ದೆ. ಆಗ ಏನ್ ಮಾಡ್ತಿದ್ದೆ? ಊಟನಾ, ಕಾಫಿನಾ?"

"ಬಿಡು ಈಗ ಅದನ್ನ."

"ಹೇಳು."

"ಕಾಫಿ," ಅಂದ, ಮೆಲ್ಲಗೆ.

"ನಾನೂ ಈಗ ಕಾಫಿ ಕುಡೀತೀನಿ," ಅಂದು ಬಾಗಿಲು ಹಾಕಿದೆ.

ನಿಜವಾಗಿ ಮಾಡಿ ಕುಡಿದೆ, ಕಿಟಕಿಯ ಹತ್ತಿರ ನಿಂತು, ನಿಧಾನವಾಗಿ. ಅವನು ಕೆಳಗೆ ಅಂಗಳದಲ್ಲಿ ನಿಂತಿದ್ದ, ಮೇಲೆ ನೋಡುತ್ತಾ. ಅಜ್ಜಿ ಪಕ್ಕಕ್ಕೆ ಬಂದು ನೋಡಿದಳು. "ಪಾಪ, ಚಪ್ಪಲಿ ಒದ್ದೆ ಆಗಿದೆ," ಅಂದಳು. ಆಮೇಲೆ, "ನಂಗೂ ಒಂದು ಲೋಟ ಕೊಡು," ಅಂದಳು.

ಆ ಸಂಜೆ ಪರಾಸ್ಕಿವಣ್ಣನ ಹೆಸರು ಹಿಡಿದು ಕೋಣೆಗೆ ಕರೆದೆ. ಬರಲಿಲ್ಲ. ಭಾನುವಾರ ಮೂರು ಸಲ ಕರೆದೆ. ಉಳಿದವರು ಹೋಗಿ ಬರುವಾಗಲೆಲ್ಲ ನಾನೇ ಚಿಲಕ ತೆಗೆಯಬೇಕು, ಹಾಕಬೇಕು. ದಿನಕ್ಕೆ ನೂರು ಸಲ. ಅಷ್ಟು ಸಲ ತೆಗೆದರೂ ಒಳಗೆ ಬಂದವರು ಪರಾಸ್ಕಿವ್ ಎಲ್ಲಿ, ಪರಾಸ್ಕಿವ್ ಯಾಕಿಲ್ಲ ಅಂತಲೇ ಕೇಳುತ್ತಿದ್ದರು.

ಸೋಮವಾರ ಅವನ ಟ್ರಾಮು ಹತ್ತಿದೆ. ಚಾಲಕನ ಜೊತೆ ಮಾತಾಡಬಾರದು ಅಂತ ಬರೆದ ಫಲಕದ ಪಕ್ಕದಲ್ಲೇ ನಿಂತೆ.

"ಅಣ್ಣಾ, ಕೋಣೆಗೆ ಬಾ. ಬಾಲ ಇಟ್ಟಿದೀನಿ ನಿಂಗೆ."

ಅವನು ಹಳಿಯನ್ನೇ ನೋಡುತ್ತಿದ್ದ. ಗಂಟಲ ನರ ಉಬ್ಬಿತು. "ನಾ... ನಾ... ನಾ..." ಒಂದು ನಿಲ್ದಾಣ ಬಂತು. ಜನ ಇಳಿದರು, ಹತ್ತಿದರು. ಬಾಗಿಲು ಮುಚ್ಚಿತು. ನಾನು ಅವನ ಬದಲು ಮಾತು ಮುಗಿಸಲು ಹೋಗಲಿಲ್ಲ. ಕಂಬಿ ಹಿಡಿದು ನಿಂತೆ. "ನಾ... ನಾನು ಬ... ಬರಲ್ಲ." ಇನ್ನೊಂದು ನಿಲ್ದಾಣ. ಮುಗಿಯಿತು ಅಂದುಕೊಂಡು ಇಳಿಯಲು ತಿರುಗಿದೆ. ಅವನು ಎಡಗೈ ಎತ್ತಿ ನಿಲ್ಲು ಅಂದ. ಮಾರುಕಟ್ಟೆ ದಾಟುವವರೆಗೂ ಅವನ ತುಟಿ ಒಂದೇ ಅಕ್ಷರದ ಮೇಲೆ ಹೋರಾಡಿತು.

"ಅ... ಅ... ಅವನನ್ನೂ ಒಳಗೆ ಬಿ... ಬಿಡಬೇಡ."

"ಬಿಡಲ್ಲ ಅಣ್ಣ," ಅಂದೆ.

ಬಿಡಲಿಲ್ಲ. ಇಂದಿಗೂ ಬಿಟ್ಟಿಲ್ಲ.